ರೋಮರ್ ಬೆಳಕಿನ ವೇಗ ಅಳೆದರಾ?

“1676ರಲ್ಲಿ, ಬರೀ ದೂರದರ್ಶಕ ಇಟ್ಟುಕೊಂಡು ರೋಮರ್ ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಅಂತ ಹೇಗೆ ಅಳೆದರು?” ಎಂದು ಕೇಳಿದ್ದೀರಿ. ನಿಜ ಹೇಳಬೇಕೆಂದರೆ, ಆ ಅಂಕಿಯನ್ನು ಡೆನ್ಮಾರ್ಕಿನ ಖಗೋಳ ವಿಜ್ಞಾನಿ ರೋಮರ್ ಕೊಡಲೇ ಇಲ್ಲ. ಅವರು ಹೇಳಿದ್ದು ಸಮಯದ ಲೆಕ್ಕ ಮಾತ್ರ.

ಗುರುಗ್ರಹದ ಚಂದ್ರ ಅಯೋ ಸುಮಾರು 42.5 ಗಂಟೆಗೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಪ್ರತಿ ಸುತ್ತಿನಲ್ಲೂ ಗುರುವಿನ ನೆರಳಿಗೆ ಹೊಕ್ಕು ಹೊರಬರುತ್ತದೆ. ಆಕಾಶದಲ್ಲಿ ಗಡಿಯಾರ ನೇತುಹಾಕಿದ ಹಾಗೆ. ಆದರೆ ಭೂಮಿ ಗುರುವಿನಿಂದ ದೂರ ಸರಿಯುವ ತಿಂಗಳುಗಳಲ್ಲಿ ಈ ಗಡಿಯಾರ ತಡವಾಗುತ್ತಿತ್ತು, ಹತ್ತಿರ ಬರುವಾಗ ಬೇಗ ಓಡುತ್ತಿತ್ತು. ಒಂದು ಸುತ್ತಿಗೆ ವ್ಯತ್ಯಾಸ ಹೆಚ್ಚೆಂದರೆ 15 ಸೆಕೆಂಡು. ಆಗಿನ ಲೋಲಕದ ಗಡಿಯಾರದಲ್ಲಿ ಅದನ್ನು ನಂಬುವುದು ಕಷ್ಟ. ಹತ್ತಾರು ಸುತ್ತು ಕೂಡಿದರೆ ಅದೇ ನಿಮಿಷಗಟ್ಟಲೆ ಆಗುತ್ತದೆ ಅಲ್ವಾ? ಗುಟ್ಟು ಇರುವುದು ಅಲ್ಲೇ.

ನವೆಂಬರ್ 9ರಂದು ಅಯೋ ನೆರಳಿನಿಂದ ಹೊರಬರುವುದು 10 ನಿಮಿಷ ತಡವಾಗುತ್ತದೆ ಎಂದು ರೋಮರ್ ಮೊದಲೇ ಹೇಳಿದ್ದರು. ಪ್ಯಾರಿಸ್ ವೀಕ್ಷಣಾಲಯದಲ್ಲಿ ನೋಡಿದರೆ ಹಾಗೇ ಆಯಿತು! ದೂರ ಹೆಚ್ಚಿದಾಗ ಬೆಳಕು ನಮ್ಮ ಬಳಿ ಬರಲು ಹೆಚ್ಚು ಹೊತ್ತು ಬೇಕು, ಅದಕ್ಕೇ ಈ ತಡ ಎಂಬ ಯೋಚನೆ ಮೊದಲು ಅಲ್ಲಿನ ಹಿರಿಯ ಖಗೋಳ ವಿಜ್ಞಾನಿ ಕ್ಯಾಸಿನಿಗೂ ಹೊಳೆದಿತ್ತು. ಪಾಪ, ಅವರು ಅದನ್ನು ಕೈಬಿಟ್ಟರು, ರೋಮರ್ ಹೇಳಿದ ಮೇಲೂ ಒಪ್ಪಲಿಲ್ಲ.

ಭೂಮಿಯ ಕಕ್ಷೆಯ ಅಡ್ಡಗಲ ದಾಟಲು ಬೆಳಕಿಗೆ 22 ನಿಮಿಷ ಬೇಕು ಎಂಬುದು ರೋಮರ್ ಲೆಕ್ಕ. ನಿಜಕ್ಕೂ ಬೇಕಾಗುವುದು 16 ನಿಮಿಷ 40 ಸೆಕೆಂಡಿನಷ್ಟು. ರೋಮರ್‌ರ 22 ನಿಮಿಷ ಹಿಡಿದು ವೇಗದ ಲೆಕ್ಕ ಹಾಕಿದವರು ಡಚ್ ವಿಜ್ಞಾನಿ ಹಾಯ್ಗನ್ಸ್. ಈಗಿನ ಅಳತೆಯಲ್ಲಿ ಅದು ಸೆಕೆಂಡಿಗೆ 2 ಲಕ್ಷ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ. ಮೊದಲ ಸಲಕ್ಕೆ ಪರವಾಗಿಲ್ಲ ಬಿಡಿ.