ಎಂಐಟಿ ಆಸೆ, ಅಡಿಕೆ ಆದಾಯ

ಪ್ರಶ್ನೆ: ಮಗಳು ಪ್ರಥಮ ಪಿಯುಸಿ ವಿಜ್ಞಾನ ಓದುತ್ತಿದ್ದಾಳೆ. ಎಸ್ಸೆಸ್ಸೆಲ್ಸಿಯಲ್ಲಿ ಶೇ. 97. ಅಮೆರಿಕದ ಎಂಐಟಿ ತಂತ್ರಜ್ಞಾನ ವಿಶ್ವವಿದ್ಯಾಲಯಕ್ಕೇ ಹೋಗಬೇಕು ಅನ್ನುತ್ತಾಳೆ. ನಮಗಿರುವುದು ಅಡಿಕೆ ತೋಟ ಮಾತ್ರ. ಸೀಟು ಸಿಕ್ಕೀತೇ?
– ಓದುಗರು, ಶಿರಸಿ

ಉತ್ತರ: ಅಲ್ಲಿ ಅರ್ಜಿ ಹಾಕಿದ ನೂರು ಮಂದಿಯಲ್ಲಿ ಐವರಿಗೂ ಸೀಟು ಸಿಗುವುದಿಲ್ಲ, ಹೊರದೇಶದವರಿಗೆ ಇನ್ನೂ ಕಷ್ಟ. ಆದರೂ ಹಾಕಲಿ. ದುಡ್ಡಿಲ್ಲವೆಂದು ಅರ್ಜಿ ತಳ್ಳಿಹಾಕುವುದಿಲ್ಲ, ಆಯ್ಕೆಯಾದರೆ ಕುಟುಂಬದ ಅಗತ್ಯಕ್ಕೆ ತಕ್ಕ ಪೂರ್ತಿ ನೆರವು ಕೊಡುತ್ತಾರೆ.

ಎಸ್‌ಎಟಿ ಅಥವಾ ಎಸಿಟಿ ಎಂಬ ಅಮೆರಿಕದ ಕಾಲೇಜು ಪ್ರವೇಶ ಪರೀಕ್ಷೆ ಕಡ್ಡಾಯ. ನಮ್ಮ ಕಡೆಯ ಮಕ್ಕಳು ಎಡವುವುದು ಮಾತ್ರ ಶಿಫಾರಸು ಪತ್ರದಲ್ಲಿ. ಗಣಿತ ಅಥವಾ ವಿಜ್ಞಾನದ ಒಬ್ಬರು, ಭಾಷೆ ಅಥವಾ ಸಮಾಜ ವಿಷಯದ ಒಬ್ಬರು ಬರೆಯಬೇಕು. ‘ಸನ್ನಡತೆಯ ವಿದ್ಯಾರ್ಥಿನಿ’ ಎಂಬ ಎರಡು ಸಾಲು ಸಾಲದು. ಯಾವ ಲೆಕ್ಕವನ್ನು ಬೇರೆ ದಾರಿಯಲ್ಲಿ ಬಿಡಿಸಿದಳು, ಪ್ರಯೋಗ ಕೆಟ್ಟಾಗ ಏನು ಮಾಡಿದಳು ಎಂಬ ವಿವರ ಬೇಕು. ಉಪನ್ಯಾಸಕರಿಗೆ ಈಗಲೇ ತಿಳಿಸಿ. ಕೊನೇ ವಾರ ಕೇಳಿದರೆ ಯಾರೂ ಹಾಗೆ ಬರೆಯಲಾರರು. ಹೈಸ್ಕೂಲಿನ ಅಂಕಪಟ್ಟಿಯನ್ನೂ ತೆಗೆದಿಟ್ಟುಕೊಳ್ಳಿ. ಕೃಷಿ ಆದಾಯಕ್ಕೆ ತಹಶೀಲ್ದಾರರ ಪ್ರಮಾಣಪತ್ರದ ಜೊತೆ ಸೊಸೈಟಿಯ ಅಡಿಕೆ ಮಾರಾಟದ ಪಟ್ಟಿಗಳನ್ನು ಜೋಡಿಸಿಡಿ.

ಜೆಇಇ ಓದು ಮಾತ್ರ ಬಿಡಬಾರದು. ಧಾರವಾಡದಲ್ಲೇ ಐಐಟಿ ಇದೆ, ಬೆಂಗಳೂರಿನಲ್ಲಿ ಐಐಎಸ್‌ಸಿ ಇದೆ.