ಪುಟ್ಟ ತೊಟ್ಟಿಯಲ್ಲಿ ಹವಳ ಸಾಕಣೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಉಪ್ಪುನೀರಿನ ಅಕ್ವೇರಿಯಂ ಕುರಿತು ನಮಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಐವತ್ತು ಲೀಟರಿಗಿಂತ ಚಿಕ್ಕದಾದ, ಮೇಜಿನ ಮೇಲೆ ಇಡಬಹುದಾದ ತೊಟ್ಟಿಗಳ ಬಗ್ಗೆಯೇ ಇವೆ. ಅವುಗಳಲ್ಲಿ ಆಯ್ದ ಆರು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮಲ್ಲಿ ಒಂದೂವರೆ ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಗಾಜಿನ ತೊಟ್ಟಿ ಖಾಲಿ ಇದೆ. ಮೊದಲು ಅದರಲ್ಲಿ ಗಪ್ಪಿ ಮೀನುಗಳಿದ್ದವು. ಅದನ್ನೇ ಹವಳದ ತೊಟ್ಟಿಯಾಗಿ ಬದಲಾಯಿಸಬಹುದೇ? ಉಪ್ಪುನೀರು ತುಂಬಿ ಒಂದು ವಾರ ಬಿಟ್ಟರೆ ಸಾಕು, ಮೀನು ಹಾಕಬಹುದು ಎಂದು ಅಂಗಡಿಯವರು ಹೇಳುತ್ತಾರೆ.
— ಓದುಗರು, ಜಯನಗರ, ಬೆಂಗಳೂರು

ಉತ್ತರ: ಬದಲಾಯಿಸಬಹುದು. ಆದರೆ ಗಪ್ಪಿಗಳಿಗೆ ರೋಗ ಬಂದಾಗ ತಾಮ್ರದ ಅಂಶವಿರುವ ಔಷಧವನ್ನು ಆ ತೊಟ್ಟಿಗೆ ಹಾಕಿದ್ದರೆ ಅದನ್ನು ಕೈಬಿಡಿ. ಗಾಜನ್ನು ಅಂಟಿಸಿರುವ ಸಿಲಿಕೋನ್ ತಾಮ್ರವನ್ನು ಹೀರಿಕೊಂಡು ಮುಂದೆ ನಿಧಾನವಾಗಿ ನೀರಿಗೆ ಬಿಡಬಹುದು. ಮೀನು ತಾಳಿಕೊಳ್ಳುವಷ್ಟು ತಾಮ್ರವೂ ಸಿಗಡಿ, ಬಸವನಹುಳು ಮತ್ತು ಹವಳಕ್ಕೆ ವಿಷವೇ.

ನಿಮ್ಮ ತೊಟ್ಟಿಯ ಅಳತೆ ಲೆಕ್ಕ ಹಾಕಿದರೆ ಸುಮಾರು 42 ಲೀಟರ್ ಆಗುತ್ತದೆ. ಕಲ್ಲುಗಳನ್ನು ಜೋಡಿಸಿ, ಅಂಚಿನಿಂದ ಒಂದಿಷ್ಟು ಕೆಳಗೆ ನೀರು ನಿಲ್ಲಿಸಿದಾಗ ನಿಜವಾಗಿ ಉಳಿಯುವುದು ಸುಮಾರು 35 ಲೀಟರ್. ಚಿಕ್ಕ ತೊಟ್ಟಿಯ ಕಷ್ಟವೆಲ್ಲ ಈ ಅಂಕಿಯಲ್ಲಿದೆ. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿರುತ್ತವೆ. ನಿಮ್ಮ ತೊಟ್ಟಿಯಲ್ಲಿ ಒಟ್ಟು 1,225 ಗ್ರಾಂ ಇರಬೇಕಾಗುತ್ತದೆ. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ನೀವು ಊರಿಗೆ ಹೋಗಿ ಬರುವಷ್ಟರಲ್ಲಿ ಎರಡು ಲೀಟರ್ ಆರಿಹೋದರೆ ಲವಣಾಂಶ 35ರಿಂದ 37ರ ಮೇಲೇರುತ್ತದೆ. ಅಷ್ಟೇ ನೀರು 350 ಲೀಟರಿನ ತೊಟ್ಟಿಯಿಂದ ಆರಿದ್ದರೆ ಅಂಕಿ 35.2 ಆಗುತ್ತಿತ್ತು, ಹವಳಕ್ಕೆ ಅದು ತಿಳಿಯುತ್ತಲೂ ಇರಲಿಲ್ಲ. ಆದ್ದರಿಂದ ತೊಟ್ಟಿಯ ಹೊರಗಾಜಿನ ಮೇಲೆ ನೀರಿನ ಮಟ್ಟಕ್ಕೆ ಸರಿಯಾಗಿ ಒಂದು ಗೆರೆ ಎಳೆದು, ಪ್ರತಿದಿನ ಆ ಗೆರೆಯವರೆಗೆ ಶುದ್ಧ ಸಿಹಿನೀರನ್ನೇ ತುಂಬಬೇಕು. ಉಪ್ಪುನೀರು ತುಂಬಿದರೆ ಲವಣಾಂಶ ಏರುತ್ತಲೇ ಹೋಗುತ್ತದೆ. ಈ ಕೆಲಸವನ್ನು ತಾನಾಗಿಯೇ ಮಾಡುವ, ಫ್ಲೋಟ್ ಸ್ವಿಚ್ ಇರುವ ಸಣ್ಣ ಪಂಪುಗಳು ಸಿಗುತ್ತವೆ. ದುಬಾರಿ ದೀಪಕ್ಕೆ ಹಣ ಹಾಕುವ ಮೊದಲು ಇದನ್ನು ಕೊಳ್ಳಿ ಎಂಬುದು ನನ್ನ ಖಚಿತ ಸಲಹೆ.

ಒಂದು ವಾರದ ಮಾತನ್ನು ಮಾತ್ರ ದಯವಿಟ್ಟು ಒಪ್ಪಬೇಡಿ. ಮೀನಿನ ತ್ಯಾಜ್ಯ ಮತ್ತು ಉಳಿದ ಆಹಾರ ಕೊಳೆತಾಗ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಕಲ್ಲಿನ ರಂಧ್ರಗಳಲ್ಲಿ ಇವು ಸಾಕಷ್ಟು ಬೆಳೆಯಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಕಡಲಿನ ನೀರಿನ ಪಿಎಚ್ 8.2ರ ಆಸುಪಾಸಿನಲ್ಲಿರುವುದರಿಂದ ಸಿಹಿನೀರಿಗಿಂತ ಇಲ್ಲಿ ಅಮೋನಿಯಾದ ಹೆಚ್ಚು ಪಾಲು ವಿಷಕಾರಿ ರೂಪದಲ್ಲಿರುತ್ತದೆ. ಗಪ್ಪಿಗಳು ಬದುಕಿ ಉಳಿದ ಅಷ್ಟೇ ಅಮೋನಿಯಾ ಇಲ್ಲಿ ಮೀನನ್ನು ಕೊಲ್ಲಬಲ್ಲದು. ಮೊದಲು ಕಲ್ಲು, ನೀರು, ಪಂಪು ಮಾತ್ರ ಇಟ್ಟು, ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿ, ಅಮೋನಿಯಂ ಕ್ಲೋರೈಡ್ ದ್ರಾವಣದಿಂದ ಅಮೋನಿಯಾವನ್ನು 2 ಪಿಪಿಎಮ್ (ಹತ್ತು ಲಕ್ಷದಲ್ಲಿ ಎರಡು ಪಾಲು) ಮಟ್ಟಕ್ಕೆ ತನ್ನಿ. ಹಾಗೆ ಹಾಕಿದ ಅಮೋನಿಯಾ ಒಂದೇ ದಿನದಲ್ಲಿ ಸೊನ್ನೆಗೆ ಇಳಿದು, ನೈಟ್ರೈಟ್ ಕೂಡ ಸೊನ್ನೆಯಾಗಿದೆಯೆಂದು ಟೆಸ್ಟ್ ಕಿಟ್ ತೋರಿಸಿದ ದಿನ ನಿಮ್ಮ ತೊಟ್ಟಿ ಸಿದ್ಧವಾಗಿದೆ ಎಂದರ್ಥ. ಈ ನಡುವೆ ಗಾಜು ಮತ್ತು ಕಲ್ಲಿನ ಮೇಲೆ ಕಂದು ಬಣ್ಣದ ಪುಡಿಯಂಥ ಪದರ ಹರಡುತ್ತದೆ. ಅದು ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಹೊಸ ತೊಟ್ಟಿಗಳಲ್ಲಿ ಬಂದು ತಾನಾಗಿಯೇ ಹೋಗುತ್ತದೆ. ಅದನ್ನು ಕಂಡು ಗಾಬರಿಯಾಗಿ ಎಲ್ಲವನ್ನೂ ತೊಳೆದು ಮೊದಲಿನಿಂದ ಶುರುಮಾಡುವವರು ಬೆಳೆದ ಬ್ಯಾಕ್ಟೀರಿಯಾವನ್ನೂ ತೊಳೆದುಬಿಡುತ್ತಾರೆ.

ಪ್ರಶ್ನೆ: ಮನೆಯಲ್ಲಿ ಕುಡಿಯುವ ಆರ್‌ಒ ನೀರಿದೆ. ಅದಕ್ಕೆ ಅಡುಗೆಯ ಕಲ್ಲುಪ್ಪು ಬೆರೆಸಿದರೆ ಆಗುವುದಿಲ್ಲವೇ? ಅಂಗಡಿಯ ಸಮುದ್ರದ ಉಪ್ಪು ಬಹಳ ದುಬಾರಿ.
— ಓದುಗರು, ಮೈಸೂರು

ಉತ್ತರ: ಕಲ್ಲುಪ್ಪು ಆಗುವುದಿಲ್ಲ. ಕಡಲಿನ ಲವಣಗಳ ತೂಕದಲ್ಲಿ ಸೋಡಿಯಂ ಮತ್ತು ಕ್ಲೋರೈಡ್ ಸೇರಿ ಸುಮಾರು ಶೇಕಡಾ 85 ಇದ್ದರೂ ಉಳಿದ ಭಾಗದಲ್ಲಿ ಮೆಗ್ನೀಷಿಯಂ, ಸಲ್ಫೇಟ್, ಕ್ಯಾಲ್ಸಿಯಂ, ಪೊಟ್ಯಾಸಿಯಂ ಇರುತ್ತವೆ. ಉಪ್ಪಿನ ಆಗರದಲ್ಲಿ ಅಡುಗೆ ಉಪ್ಪು ಹರಳುಗಟ್ಟುವಾಗ ಇವುಗಳಲ್ಲಿ ಹೆಚ್ಚಿನವು ಬೇರ್ಪಟ್ಟುಹೋಗುತ್ತವೆ. ಅಕ್ವೇರಿಯಂ ಉಪ್ಪಿನ ಪುಡಿಯಲ್ಲಿ ಇವೆಲ್ಲವೂ ಕಡಲಿನ ಪ್ರಮಾಣದಲ್ಲೇ ಇರುತ್ತವೆ. ಚಿಕ್ಕ ತೊಟ್ಟಿಗೆ ವಾರಕ್ಕೆ ಮೂರೂವರೆ ಲೀಟರ್ ನೀರು ಬದಲಾಯಿಸಿದರೆ ಸಾಕಾಗುವುದರಿಂದ ಒಂದು ಡಬ್ಬಿ ಬಹಳ ಕಾಲ ಬರುತ್ತದೆ.

ಆರ್‌ಒ ನೀರಿನ ವಿಷಯದಲ್ಲಿ ಒಮ್ಮೆ ಟಿಡಿಎಸ್ (ನೀರಿನಲ್ಲಿ ಕರಗಿರುವ ಲವಣಗಳ ಪ್ರಮಾಣ) ಮೀಟರ್ ಹಿಡಿದು ನೋಡಿ. ಕುಡಿಯುವ ನೀರಿನ ಯಂತ್ರಗಳು ರುಚಿಗಾಗಿ ಒಂದಿಷ್ಟು ಮೂಲ ನೀರನ್ನೇ ಮರಳಿ ಬೆರೆಸುತ್ತವೆ ಅಥವಾ ಖನಿಜ ಸೇರಿಸುತ್ತವೆ. ಬೋರ್‌ವೆಲ್ ನೀರಿರುವ ಮನೆಗಳಲ್ಲಿ ಅಂಕಿ ಇನ್ನೂ ಹೆಚ್ಚಿರುತ್ತದೆ. ತೊಟ್ಟಿಗೆ ಬೇಕಾದದ್ದು ಸೊನ್ನೆಗೆ ಹತ್ತಿರವಿರುವ ನೀರು. ಆರ್‌ಒ ನಂತರ ಉಳಿದ ಲವಣಗಳನ್ನು ಹಿಡಿದಿಡುವ ಡಿಐ ರೆಸಿನ್ ತುಂಬಿದ ಒಂದು ಕೊಳವೆಯನ್ನು ಸೇರಿಸಿಕೊಂಡರೆ ಅದು ದೊರೆಯುತ್ತದೆ. ಬಕೆಟ್ಟಿನಲ್ಲಿ ಮೊದಲು ನೀರು ಹಾಕಿ, ಪಂಪು ತಿರುಗುತ್ತಿರುವಾಗ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಬೆರೆಸಿ. ಉಪ್ಪಿನ ರಾಶಿಯ ಮೇಲೆ ನೀರು ಸುರಿದರೆ ಕ್ಯಾಲ್ಸಿಯಂ ಬಿಳಿ ಗಸಿಯಾಗಿ ತಳಕ್ಕೆ ಇಳಿದುಬಿಡುತ್ತದೆ. ಒಂದು ರಾತ್ರಿ ತಿರುಗಲು ಬಿಟ್ಟು, ಮರುದಿನ ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ 35 ಬಂದಿದೆಯೇ ಎಂದು ನೋಡಿ ಬಳಸಿ.

ಪ್ರಶ್ನೆ: ನಮ್ಮ ಮನೆಯಿಂದ ಮಲ್ಪೆ ಕಡಲತೀರ ಹತ್ತಿರ. ಅಲ್ಲಿಂದಲೇ ನೀರು, ಮರಳು, ಕಲ್ಲು ತರಬಾರದೇಕೆ?
— ಓದುಗರು, ಉಡುಪಿ

ಉತ್ತರ: ನೀರನ್ನು ಎಚ್ಚರಿಕೆಯಿಂದ ಬಳಸಬಹುದು, ಆದರೆ ದಡದಿಂದ ತುಂಬಿಕೊಳ್ಳಬೇಡಿ. ಬಂದರಿನ ಹತ್ತಿರದ ನೀರಿನಲ್ಲಿ ದೋಣಿಗಳ ಡೀಸೆಲ್, ಮೀನು ತೊಳೆದ ಕೊಳೆ, ಊರಿನ ಚರಂಡಿ ಎಲ್ಲವೂ ಬೆರೆತಿರುತ್ತವೆ. ಮಳೆಗಾಲದಲ್ಲಿ ಕರಾವಳಿಯ ನದಿಗಳು ಕೆಂಪು ನೀರನ್ನು ಕಡಲಿಗೆ ಸುರಿಯುವಾಗ ದಡದ ಬಳಿ ಲವಣಾಂಶ 35ಕ್ಕಿಂತ ಬಹಳ ಕೆಳಗಿಳಿದಿರುತ್ತದೆ. ಡಿಸೆಂಬರಿನಿಂದ ಏಪ್ರಿಲ್‌ವರೆಗೆ, ಪರಿಚಯದ ಮೀನುಗಾರರು ದೂರ ಹೋದಾಗ ಶುಚಿಯಾದ ಕ್ಯಾನಿನಲ್ಲಿ ತಂದುಕೊಟ್ಟರೆ ಬಟ್ಟೆಯಲ್ಲಿ ಸೋಸಿ, ಕತ್ತಲಲ್ಲಿ ಎರಡು ವಾರ ಇಟ್ಟು, ಲವಣಾಂಶ ಅಳೆದು ಬಳಸಿ. ಇಷ್ಟು ಪಾಡು ಪಡುವುದಕ್ಕಿಂತ ಉಪ್ಪಿನ ಪುಡಿಯೇ ಸುಲಭವೆಂದು ಕರಾವಳಿಯಲ್ಲೇ ಇರುವ ಹಲವರು ಕೊನೆಗೆ ತೀರ್ಮಾನಿಸುತ್ತಾರೆ. ನಾನೂ ಅದನ್ನೇ ಹೇಳುತ್ತೇನೆ.

ಮರಳು ಬೇಡ. ಚಿಕ್ಕ ತೊಟ್ಟಿಯ ತಳವನ್ನು ಬರಿಗಾಜಾಗಿಯೇ ಬಿಟ್ಟರೆ ಕಸ ಕಣ್ಣಿಗೆ ಬೀಳುತ್ತದೆ, ಕೊಳವೆಯಲ್ಲಿ ಎಳೆದು ತೆಗೆಯಬಹುದು. ಕಲ್ಲಿನ ಬಗ್ಗೆ ಮುಂದಿನ ಉತ್ತರ ಓದಿ.

ಪ್ರಶ್ನೆ: ಲಕ್ಷದ್ವೀಪಕ್ಕೆ ಹೋಗಿದ್ದ ಸ್ನೇಹಿತರು ದಡದಲ್ಲಿ ಬಿದ್ದಿದ್ದ ಒಣ ಹವಳದ ತುಂಡುಗಳನ್ನು ತರಲು ಹೊರಟಿದ್ದರಂತೆ, ಅಲ್ಲಿನವರು ತಡೆದರಂತೆ. ಸತ್ತ ಹವಳಕ್ಕೂ ಕಾನೂನು ಇದೆಯೇ? ಹಾಗಾದರೆ ನಮ್ಮ ದೇಶದಲ್ಲಿ ಹವಳದ ತೊಟ್ಟಿ ಇಡುವುದೇ ತಪ್ಪೇ?
— ಓದುಗರು, ಧಾರವಾಡ

ಉತ್ತರ: ಅಲ್ಲಿನವರು ತಡೆದದ್ದು ನಿಮ್ಮ ಸ್ನೇಹಿತರಿಗೆ ಮಾಡಿದ ಉಪಕಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ಹವಳಗಳನ್ನು ಸೇರಿಸಲಾಯಿತು. ಕಡಲೊಳಗೆ ದಿಬ್ಬ (ರೀಫ್) ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಆರ್ಗನ್ ಪೈಪ್ ಹವಳ ಮತ್ತು ಬೀಸಣಿಗೆಯಂತೆ ಹರಡುವ ಸೀ ಫ್ಯಾನ್ ಅದರಲ್ಲಿವೆ. ಹುಲಿಗೆ ಇರುವ ರಕ್ಷಣೆಯೇ ಇವುಗಳಿಗೂ ಇದೆ. ಸತ್ತದ್ದು, ಒಣಗಿದ್ದು, ದಡಕ್ಕೆ ಬಿದ್ದದ್ದು ಎಂಬ ವಿನಾಯಿತಿ ಇಲ್ಲ. ತಪ್ಪು ಸಾಬೀತಾದರೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸ ಆಗಬಹುದು. ಕಡಲಕುದುರೆಗಳಿಗೂ ಇದೇ ಕಾಯ್ದೆಯ ರಕ್ಷಣೆಯಿದೆ ಎಂಬುದನ್ನು ಅಂಗಡಿಗೆ ಹೋಗುವಾಗ ನೆನಪಿಡಿ.

ಈ ಕಾನೂನು ಕಾಗದದ ಕಟ್ಟುನಿಟ್ಟು ಮಾತ್ರವಲ್ಲ. ಲಕ್ಷದ್ವೀಪದ ದಿಬ್ಬಗಳು 1998, 2010 ಮತ್ತು 2016ರಲ್ಲಿ ಕಡಲು ಬಿಸಿಯೇರಿದಾಗ ವ್ಯಾಪಕವಾಗಿ ಬಿಳಿಚಿಕೊಂಡವು. ಹವಳದ ಮೈಯೊಳಗೆ ಸೂಕ್ಷ್ಮ ಪಾಚಿಗಳು ವಾಸಿಸುತ್ತವೆ. ಬೆಳಕಿನಿಂದ ಅವು ತಯಾರಿಸುವ ಆಹಾರವೇ ಹವಳದ ಮುಖ್ಯ ಆಧಾರ, ಹವಳದ ಬಣ್ಣದಲ್ಲಿಯೂ ಬಹುಪಾಲು ಅವುಗಳದೇ. ಬಿಸಿ ಹೆಚ್ಚಾದಾಗ ಹವಳವು ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ, ಬಿಸಿ ವಾರಗಟ್ಟಲೆ ಮುಂದುವರಿದರೆ ಹಸಿದು ಸಾಯುತ್ತದೆ. ಸತ್ತ ಹವಳದ ತುಂಡುಗಳು ಕೂಡ ಅಲೆಯ ಹೊಡೆತವನ್ನು ತಡೆಯುತ್ತವೆ, ದ್ವೀಪದ ಮರಳಾಗುತ್ತವೆ, ಹೊಸ ಹವಳದ ಮರಿಗಳು ಅಂಟಿಕೊಳ್ಳಲು ನೆಲೆಯಾಗುತ್ತವೆ. ನಮ್ಮದೇ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತಲೂ ಹವಳಗಳಿವೆ. ಅವನ್ನು ನೋಡಬೇಕಾದದ್ದು ನೀರಿನಲ್ಲಿ ಮುಳುಗಿ, ಅವು ಇರುವಲ್ಲಿಯೇ.

ತೊಟ್ಟಿ ಇಡುವುದು ತಪ್ಪಲ್ಲ. ಕಲ್ಲಿಗಾಗಿ ರಂಧ್ರಗಳಿರುವ ಸೆರಾಮಿಕ್ ಕಲ್ಲುಗಳನ್ನು ಕೊಳ್ಳಿ. ಕಡಲಿನಿಂದ ತೆಗೆದ ‘ಲೈವ್ ರಾಕ್’ ಎಂದು ಮಾರುವುದರಲ್ಲಿ ಹೆಚ್ಚಿನದು ಹಳೆಯ ಹವಳದ ಅಸ್ಥಿಯೇ. ಜೀವಗಳ ಪೈಕಿ ಅಣಬೆ ಹವಳ, ಜೋವಾಂಥಿಡ್, ಕ್ಸೀನಿಯಾದಂಥ ಮೆದು ಜಾತಿಗಳು ಆ ಪಟ್ಟಿಯಲ್ಲಿ ಹೆಸರಿಸಿದ ಗುಂಪುಗಳಿಗೆ ಸೇರಿಲ್ಲ. ಹೊಸಬರಿಗೆ ಇವೇ ಸೂಕ್ತವೂ ಹೌದು. ಮಧ್ಯಮ ಬೆಳಕು, ಮೆಲ್ಲಗಿನ ಹರಿವು ಸಾಕು. ಗಟ್ಟಿ ಹವಳದಂತೆ ಪ್ರತಿದಿನ ಕ್ಯಾಲ್ಸಿಯಂ ಲೆಕ್ಕ ಇಡಬೇಕಾಗಿಲ್ಲ. ಇನ್ನೊಬ್ಬ ಹವ್ಯಾಸಿಯ ತೊಟ್ಟಿಯಲ್ಲಿ ಬೆಳೆದು ಕತ್ತರಿಸಿದ ತುಂಡನ್ನೇ ಕೇಳಿ ಪಡೆಯಿರಿ. ಅದು ತೊಟ್ಟಿಯ ಬದುಕಿಗೆ ಹೊಂದಿಕೊಂಡಿರುತ್ತದೆ, ಕಡಲಿನಿಂದ ಏನನ್ನೂ ಕಿತ್ತಂತಾಗುವುದಿಲ್ಲ. ಎಲ್ಲಿಂದ ಬಂದದ್ದೆಂದು ಮಾರುವವರು ಹೇಳಲಾರದ ಜೀವವನ್ನು ಎಷ್ಟೇ ಅಂದವಾಗಿದ್ದರೂ ಮನೆಗೆ ತರಬೇಡಿ.

ಜೋವಾಂಥಿಡ್ ಸಾಕುವವರಿಗೆ ಒಂದು ಗಂಭೀರ ಎಚ್ಚರಿಕೆ. ಅವುಗಳಲ್ಲಿ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಅತ್ಯಂತ ತೀವ್ರ ವಿಷವಿರುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಅವನ್ನು ಕತ್ತರಿಸಬೇಡಿ, ಗಾಯವಿರುವ ಕೈಯಲ್ಲಿ ಮುಟ್ಟಬೇಡಿ. ಅವು ಅಂಟಿರುವ ಕಲ್ಲನ್ನು ಶುಚಿ ಮಾಡಲೆಂದು ಕುದಿಸುವುದಾಗಲಿ, ಬಿಸಿನೀರು ಸುರಿಯುವುದಾಗಲಿ ಎಂದಿಗೂ ಕೂಡದು. ಆ ಹಬೆಯನ್ನು ಉಸಿರಾಡಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳು ವಿದೇಶಗಳಲ್ಲಿ ನಡೆದಿವೆ.

ಪ್ರಶ್ನೆ: ನನ್ನ ಮಗಳಿಗೆ ಕಿತ್ತಳೆ ಬಣ್ಣದ ಕ್ಲೌನ್ ಮೀನು, ನೀಲಿ ಟ್ಯಾಂಗ್ ಮತ್ತು ಅನಿಮೋನಿ ಮೂರೂ ಬೇಕಂತೆ. 40 ಲೀಟರಿನಲ್ಲಿ ಸಾಧ್ಯವೇ?
— ಓದುಗರು, ಶಿವಮೊಗ್ಗ

ಉತ್ತರ: ಮೂರರಲ್ಲಿ ಒಂದು ಮಾತ್ರ ಸಾಧ್ಯ. ನೀಲಿ ಟ್ಯಾಂಗ್ ಸುಮಾರು 30 ಸೆಂಟಿಮೀಟರ್ ಬೆಳೆಯುವ, ದಿನವಿಡೀ ಈಜುವ ಮೀನು. 40 ಲೀಟರಿನ ತೊಟ್ಟಿಯ ಅಗಲವೇ ಹೆಚ್ಚುಕಡಿಮೆ ಅಷ್ಟಿರುತ್ತದೆ. ಹೂವಿನಂತೆ ಕಾಣುವ ಕಡಲಪ್ರಾಣಿಯಾದ ಅನಿಮೋನಿಗೆ ಪ್ರಬಲ ಬೆಳಕು ಮತ್ತು ತಿಂಗಳುಗಟ್ಟಲೆ ಗುಣದಲ್ಲಿ ಏರುಪೇರಾಗದ ನೀರು ಬೇಕು. ಅದು ನಿಂತಲ್ಲಿ ನಿಲ್ಲದೆ ಸರಿಯುತ್ತಾ ಹೋಗಿ ಪಂಪಿಗೆ ಸಿಕ್ಕಿಕೊಂಡರೆ ಚಿಕ್ಕ ತೊಟ್ಟಿಯ ನೀರೆಲ್ಲ ಒಂದೇ ರಾತ್ರಿಯಲ್ಲಿ ಕೆಡುತ್ತದೆ. ಮಗಳಿಗೆ ಹೀಗೆ ಹೇಳಿ: ಅನಿಮೋನಿ ಇಲ್ಲದೆಯೂ ಕ್ಲೌನ್ ಮೀನು ತೊಟ್ಟಿಯಲ್ಲಿ ಆರೋಗ್ಯವಾಗಿ ಬದುಕುತ್ತದೆ. ಕಡಲಿನಲ್ಲಿ ಅದಕ್ಕೆ ಅನಿಮೋನಿ ಬೇಕಾಗುವುದು ಬೇಟೆಗಾರ ಮೀನುಗಳಿಂದ ರಕ್ಷಣೆಗೆ, ಇಲ್ಲಿ ಆ ಭಯವಿಲ್ಲ.

ಆಸೆಲ್ಲಾರಿಸ್ ಜಾತಿಯ ಎರಡು ಎಳೆಯ ಕ್ಲೌನ್‌ಗಳನ್ನು, ಒಂದು ಕೊಂಚ ದೊಡ್ಡದು, ಒಂದು ಚಿಕ್ಕದು, ಒಟ್ಟಿಗೇ ತನ್ನಿ. ಈ ಮೀನುಗಳೆಲ್ಲ ಮೊದಲು ಗಂಡಾಗಿಯೇ ಬಲಿಯುತ್ತವೆ. ಜೊತೆಯಲ್ಲಿ ದೊಡ್ಡದಾದದ್ದು ಹೆಣ್ಣಾಗಿ ಬದಲಾಗುತ್ತದೆ. ಆ ಬದಲಾವಣೆಯನ್ನು ಮಗಳು ಮನೆಯಲ್ಲೇ ನೋಡಬಹುದು. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯಿರುವ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕ್ಲೌನ್ ಮೀನುಗಳನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮ ದೇಶದಲ್ಲೇ ರೂಪಿಸಿದೆ, ಆದ್ದರಿಂದ ಕಡಲಿನಿಂದ ಹಿಡಿದ ಮೀನು ಕೊಳ್ಳಬೇಕಾದ ಅಗತ್ಯವಿಲ್ಲ. ಅಂಗಡಿಯಲ್ಲಿ ‘ಸಾಕಿ ಬೆಳೆಸಿದ ಮರಿ ಕೊಡಿ’ ಎಂದೇ ಕೇಳಿ. ಈ ಎರಡರ ಮೇಲೆ ಮೂರನೆಯ ಮೀನು ಬೇಡ. ಒಂದೆರಡು ಬಸವನಹುಳುಗಳು ಮತ್ತು ಒಂದು ಸಿಗಡಿ ಇರಲಿ.

ಮನೆಗೆ ತಂದ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು ಬಿಸಿ ಸಮವಾದ ಮೇಲೆ ಮೀನನ್ನು ಅದರ ನೀರಿನೊಂದಿಗೆ ಚಿಕ್ಕ ಪಾತ್ರೆಗೆ ಇಳಿಸಿ. ಗಾಳಿಪಂಪಿನ ಸಣ್ಣ ಕೊಳವೆಗೆ ಒಂದು ಗಂಟು ಹಾಕಿ, ತೊಟ್ಟಿಯ ನೀರು ಸೆಕೆಂಡಿಗೆ ಎರಡು ಮೂರು ಹನಿಯಂತೆ ಪಾತ್ರೆಗೆ ಬೀಳುವಂತೆ ಮಾಡಿ. ಅಂಗಡಿಯ ನೀರಿನ ಲವಣಾಂಶ ಹೆಚ್ಚಾಗಿ ಕಡಿಮೆ ಇರುವುದರಿಂದ ಈ ನಿಧಾನ ಬೇಕು, ಸಿಗಡಿಗಂತೂ ಬೇಕೇ ಬೇಕು. ನೀರು ಎರಡು ಮೂರು ಪಟ್ಟು ಆದ ಮೇಲೆ ಬಲೆಯಲ್ಲಿ ಮೀನನ್ನು ಮಾತ್ರ ತೊಟ್ಟಿಗೆ ಬಿಡಿ, ಆ ನೀರನ್ನು ಚೆಲ್ಲಿ.

ಪ್ರಶ್ನೆ: ನಮ್ಮೂರಿನ ಬೇಸಿಗೆಯಲ್ಲಿ ಇದು ಸಾಧ್ಯವೇ? ಕರೆಂಟೂ ಹೋಗುತ್ತಿರುತ್ತದೆ.
— ಓದುಗರು, ಕಲಬುರಗಿ

ಉತ್ತರ: ಹವಳದ ತೊಟ್ಟಿಯ ನೀರು 25–26 ಡಿಗ್ರಿಯಲ್ಲಿ ಇರುವುದು ಒಳ್ಳೆಯದು. 40 ಡಿಗ್ರಿ ದಾಟುವ ಊರಿನಲ್ಲಿ ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಬಹಳ ಕೆಲಸ ಮಾಡುತ್ತದೆ, ಏಕೆಂದರೆ ನಿಮ್ಮಲ್ಲಿ ಗಾಳಿ ಒಣದಾಗಿರುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಅದೇ ಫ್ಯಾನ್ ಅಷ್ಟು ತಂಪು ಮಾಡಲಾರದು. ಆದರೆ ತಂಪಾಗುವುದು ನೀರು ಆರುವುದರಿಂದಲೇ. ಏಪ್ರಿಲ್, ಮೇ ತಿಂಗಳಲ್ಲಿ ತಾನಾಗಿ ನೀರು ತುಂಬುವ ಪಂಪು ಇಲ್ಲದೆ ಒಂದು ದಿನವೂ ನೆಮ್ಮದಿ ಇರದು. ಎ.ಸಿ. ಇರುವ ಕೋಣೆಯಾಗಲಿ, ಚಿಲ್ಲರ್ ಯಂತ್ರವಾಗಲಿ ಇಲ್ಲದಿದ್ದರೆ ಮೊದಲ ಬೇಸಿಗೆಯನ್ನು ಬರಿಯ ಕಲ್ಲು ಮತ್ತು ನೀರಿನಲ್ಲಿ ಕಳೆದು, ದಿನದ ಉಷ್ಣಾಂಶವನ್ನು ಬರೆದಿಡಿ. 29 ಡಿಗ್ರಿಗಿಂತ ಕೆಳಗೆ ನಿಲ್ಲಿಸಲು ಆಗದಿದ್ದರೆ ಹವಳ ತರಬೇಡಿ.

ಕರೆಂಟು ಹೋದಾಗ ಮೊದಲು ಕಾಡುವುದು ಉಸಿರಿನ ಸಮಸ್ಯೆ. ಬಿಸಿಯಾದ ಉಪ್ಪುನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. ಮನೆಯ ಇನ್ವರ್ಟರಿಗೆ ದೀಪವನ್ನು ಬಿಟ್ಟು ನೀರು ತಿರುಗಿಸುವ ಪಂಪು ಮತ್ತು ಫ್ಯಾನನ್ನು ಮಾತ್ರ ಜೋಡಿಸಿ. ಅವುಗಳಿಗೆ ಬೇಕಾದ ವಿದ್ಯುತ್ ಬಹಳ ಕಡಿಮೆ. ಹವಳಗಳು ಒಂದು ದಿನ ಕತ್ತಲಲ್ಲಿದ್ದರೆ ತೊಂದರೆಯಿಲ್ಲ. ಇನ್ವರ್ಟರ್ ಇಲ್ಲದವರು ಬ್ಯಾಟರಿಯಿಂದ ನಡೆಯುವ ಗಾಳಿಪಂಪನ್ನು ತೊಟ್ಟಿಯ ಪಕ್ಕದಲ್ಲೇ ಇಟ್ಟುಕೊಂಡು, ಬ್ಯಾಟರಿಗಳನ್ನು ಬೇಸಿಗೆಯ ಮೊದಲೇ ಬದಲಾಯಿಸಿಡಬೇಕು.