ರಕ್ತದಿಂದ ಬಿಳಿ ಕಣ ತೆಗೆಯುವ ಫಿಲ್ಟರ್‌ಗೆ ಪಾಲಿಯೆಸ್ಟರ್ ಮೇಲ್ಮೈ ಬದಲಿಸಲು ಪ್ಲಾಸ್ಮಾ ಒಳ್ಳೆಯದೋ, ಗ್ರಾಫ್ಟಿಂಗ್ ಒಳ್ಳೆಯದೋ?

ನೀರಿನ ಹನಿ ಇಟ್ಟ ತಕ್ಷಣ ಹೀರಿಕೊಳ್ಳುತ್ತೆ, ರಕ್ತಕಣ ಎಣಿಸುವ ಸೆಲ್ ಕೌಂಟರ್‌ನಲ್ಲಿ ಬಿಳಿ ಕಣ 0.0 ಬರುತ್ತೆ ಅಂತ ಬರೆದಿದ್ದೀರಿ. ಆ 0.0 ಓದಿ ಎದೆ ಧಸಕ್ಕೆಂದಿತು. ನನ್ನ ಎಂಟು ತಿಂಗಳು ಹೋಗಿದ್ದು ಅದರಲ್ಲೇ.

ನಾನೂ ನೇಯದ ಪಾಲಿಯೆಸ್ಟರ್ ಪದರಗಳನ್ನೇ ಹಿಡಿದಿದ್ದೆ. ಎಳೆಗಳು 2-3 ಮೈಕ್ರಾನ್ ದಪ್ಪ. ನಾಲ್ಕು ಬಗೆ ಮಾಡಿಕೊಂಡೆ: ಏನೂ ಮಾಡದ್ದು, ಪ್ಲಾಸ್ಮಾ ಕೊಟ್ಟದ್ದು (ರಕ್ತದ ಪ್ಲಾಸ್ಮಾ ಅಲ್ಲ, ವಿದ್ಯುತ್ತಿನಿಂದ ಚಾರ್ಜ್ ಬರಿಸಿದ ಅನಿಲದ್ದು), ಹೈಡ್ರಾಕ್ಸಿಈಥೈಲ್ ಮೆಥಾಕ್ರಿಲೇಟ್ ಗ್ರಾಫ್ಟ್ ಮಾಡಿದ್ದು (ಅದರ ಪಾಲಿಮರ್ ಸರಪಳಿಗಳನ್ನು ಎಳೆಗೆ ರಾಸಾಯನಿಕವಾಗಿ ಅಂಟಿಸಿದ್ದು), ಅದರ ಜೊತೆ ಸ್ವಲ್ಪ ಅಮೈನ್ ಸೇರಿಸಿ ಪಾಸಿಟಿವ್ ಚಾರ್ಜ್ ಬರಿಸಿದ್ದು. ಒಂದೊಂದರಲ್ಲೂ ಕೆಂಪು ಕಣದ ಒಂದು ಚೀಲ ಹರಿಸಿದೆ. ಏನೂ ಮಾಡದ್ದರಲ್ಲಿ 0.1 ಬಂತು, ಉಳಿದ ಮೂರರಲ್ಲೂ 0.0. ಮೂರೂ ಪಾಸ್ ಅಂದುಕೊಂಡೆ. ಮೂರೂ ಸಮ ಅಂದ ಮೇಲೆ ರಕ್ತ ಬೇಗ ಇಳಿಯುವುದೇ ಇರಲಿ ಅಂತ ಪ್ಲಾಸ್ಮಾದ್ದನ್ನು ಆರಿಸಿದೆ. ಎಷ್ಟು ಪದರ, ಎಷ್ಟು ಒತ್ತಿ ಜೋಡಿಸಬೇಕು, ಡಬ್ಬಿಯ ಆಕಾರ ಹೇಗಿರಬೇಕು, ಮುಂದಿನ ಕೆಲಸವೆಲ್ಲ ಅದರ ಮೇಲೇ ನಡೆಯಿತು.

ಈಗ ಲೆಕ್ಕ ನೋಡಿ. ಆ ಯಂತ್ರ ತೋರಿಸುವುದು ಮೈಕ್ರೋಲೀಟರ್‌ಗೆ ಎಷ್ಟು ಸಾವಿರ ಅಂತ, ಅದೂ ದಶಮಾಂಶದ ಒಂದೇ ಸ್ಥಾನದವರೆಗೆ. ಹಾಗಾಗಿ 0.0 ಅಂದರೆ ಸೊನ್ನೆಯೂ ಆಗಬಹುದು, 40 ಕಣವೂ ಆಗಬಹುದು. ಚೀಲದಲ್ಲಿ 300 ಮಿಲಿಲೀಟರ್ ಇದೆ ಅಂದುಕೊಳ್ಳಿ, ಅಂದರೆ 3 ಲಕ್ಷ ಮೈಕ್ರೋಲೀಟರ್. ಯುರೋಪಿನ ನಿಯಮದಂತೆ ಇಡೀ ಚೀಲದಲ್ಲಿ ಉಳಿಯುವ ಬಿಳಿ ಕಣ 10 ಲಕ್ಷಕ್ಕಿಂತ ಕಡಿಮೆ ಇರಬೇಕು. ಮೈಕ್ರೋಲೀಟರ್‌ಗೆ ಸುಮಾರು 3. ಅಮೆರಿಕದ್ದು 50 ಲಕ್ಷ, ಅಂದರೆ ಸುಮಾರು 17. ನನ್ನ ಯಂತ್ರ 0.0 ಅನ್ನುತ್ತಿದ್ದಾಗ ಚೀಲದಲ್ಲಿ 40 ಗುಣಿಸು 3 ಲಕ್ಷ, 1.2 ಕೋಟಿ ಕಣ ಇದ್ದರೂ ನನಗೆ ಗೊತ್ತಾಗುತ್ತಿರಲಿಲ್ಲ. ಯಂತ್ರದ್ದೇನೂ ತಪ್ಪಿಲ್ಲ. ರೋಗಿಯ ರಕ್ತದಲ್ಲಿ ಸಾವಿರಗಟ್ಟಲೆ ಇರುವುದನ್ನು ಎಣಿಸಲು ಅದನ್ನು ಮಾಡಿದ್ದಾರೆ. ಮೂರೋ ನಾಲ್ಕೋ ಎಣಿಸು ಅಂತ ಕೇಳಿದ್ದು ನಾನು.

ಹಿರಿಯ ಸಹೋದ್ಯೋಗಿಯೊಬ್ಬರು "ಯಾವ ಚೇಂಬರ್‌ನಲ್ಲಿ ಎಣಿಸಿದಿರಿ?" ಅಂತ ಕೇಳಿದ ಮೇಲೆಯೇ ನಾನು ನಾಜಾಟ್ ಚೇಂಬರ್ ಮುಂದೆ ಕೂತಿದ್ದು. ಸೂಕ್ಷ್ಮದರ್ಶಕದಡಿ ಇಟ್ಟು ಕಣ ಎಣಿಸುವ, ಗೆರೆ ಕೊರೆದ ಗಾಜು ಅದು. ಅದರಲ್ಲಿ 50 ಮೈಕ್ರೋಲೀಟರ್ ಹಿಡಿಯುತ್ತೆ. ಕೆಂಪು ಕಣ ಒಡೆದು, ಬಿಳಿ ಕಣದ ನ್ಯೂಕ್ಲಿಯಸ್‌ಗೆ ಬಣ್ಣ ಕೊಟ್ಟು, ಹತ್ತು ಪಟ್ಟು ತೆಳು ಮಾಡಿ ಹಾಕಿದರೆ 5 ಮೈಕ್ರೋಲೀಟರ್ ರಕ್ತವನ್ನು ಪೂರ್ತಿ ನೋಡಿದ ಹಾಗೆ. ಹೊಸದಾಗಿ ಹರಿಸಿ ಎಣಿಸಿದೆ. ಗ್ರಾಫ್ಟ್ ಮಾಡಿದ್ದರಲ್ಲಿ 9 ಕಣ. ಅಮೈನ್ ಸೇರಿದ್ದರಲ್ಲಿ 6. ನಾನು ಎಂಟು ತಿಂಗಳು ನಂಬಿದ್ದರಲ್ಲಿ 200ಕ್ಕೂ ಜಾಸ್ತಿ. ಐದರಿಂದ ಭಾಗಿಸಿದರೆ ಮೊದಲೆರಡು ಮೈಕ್ರೋಲೀಟರ್‌ಗೆ 2ಕ್ಕಿಂತ ಕಡಿಮೆ, ಕೊನೆಯದು 40ಕ್ಕೂ ಜಾಸ್ತಿ.

ಕಾರಣ ಆಮೇಲೆ ತಿಳಿಯಿತು. ಪ್ಲಾಸ್ಮಾ ಕೊಟ್ಟ ದಿನ ನೀರು ಹೀರುವ ಪಾಲಿಯೆಸ್ಟರ್ ಕಪಾಟಿನಲ್ಲಿ ವಾರಗಟ್ಟಲೆ ಇದ್ದರೆ ಆ ಗುಣ ಇಳಿಯುತ್ತಾ ಹೋಗುತ್ತೆ. ಮೇಲಿದ್ದ, ನೀರನ್ನು ಸೆಳೆಯುವ ರಾಸಾಯನಿಕ ಗುಂಪುಗಳು ಒಳಕ್ಕೆ ತಿರುಗಿಕೊಳ್ಳುತ್ತವೆ. ಬಿಳಿ ಕಣಗಳು ಸರಿಯಾಗಿ ಅಂಟಲಿಲ್ಲ, ಸಂದುಗಳು ತುಂಬಲಿಲ್ಲ, ಅದಕ್ಕೇ ರಕ್ತ ಅಷ್ಟು ಬೇಗ ಇಳಿಯುತ್ತಿತ್ತು. ನಾನು ಮೆಚ್ಚಿ ಆರಿಸಿದ ವೇಗವೇ ಅದರ ದೋಷವಾಗಿತ್ತು.

ಹಾಗಾಗಿ ಪ್ಲಾಸ್ಮಾನಾ, ಗ್ರಾಫ್ಟಿಂಗಾ ಅನ್ನುವ ಪ್ರಶ್ನೆಯೇ ಈಗ ಬೇಡ. ಸರಿಯಾಗಿ ಎಣಿಸದೆ ಯಾವ ಉತ್ತರ ಬಂದರೂ ಅದು ಸುಮ್ನೆ. ನನ್ನನ್ನೇ ಕೇಳಿದರೆ ಗ್ರಾಫ್ಟಿಂಗ್, ಆದರೆ ಮಾಡಿದ ಮೇಲೆ ಅಂಟದೆ ಉಳಿದ ಪಾಲಿಮರ್ ಪೂರ್ತಿ ಹೋಗುವವರೆಗೆ ತೊಳೆಯಬೇಕು. ನೀರಿನ ಹನಿಗೂ ಜಾಸ್ತಿ ಬೆಲೆ ಕೊಡಬೇಡಿ. ಬಟ್ಟೆ ನೆನೆಯುತ್ತದೆ ಅಂತ ಅದು ಹೇಳುತ್ತೆ, ಕಣ ಅಂಟುತ್ತದೆ ಅಂತ ಹೇಳಲ್ಲ. ಬಿಳಿ ಕಣಗಳಲ್ಲೂ ಬಗೆಗಳಿವೆ: ಗ್ರ್ಯಾನುಲೋಸೈಟ್‌ಗಳು ಸುಲಭವಾಗಿ ಅಂಟುತ್ತವೆ, ಲಿಂಫೋಸೈಟ್‌ಗಳು ಅಷ್ಟಾಗಿ ಇಲ್ಲ. ಅವನ್ನು ಹಿಡಿಯಲು ಎಳೆ ಸಣ್ಣದಿರಬೇಕು, ಸಂದು ಚಿಕ್ಕದಿರಬೇಕು. ಪಾಸಿಟಿವ್ ಚಾರ್ಜ್ ಜಾಸ್ತಿಯಾದರೆ ಪ್ಲೇಟ್‌ಲೆಟ್‌ಗಳೂ ಸಿಕ್ಕಿಕೊಳ್ಳುತ್ತವೆ, ಪ್ಲೇಟ್‌ಲೆಟ್ ಚೀಲಕ್ಕೆ ಅದು ಆಗದು. ನೆಗೆಟಿವ್ ಜಾಸ್ತಿಯಾದರೆ ರಕ್ತನಾಳ ಹಿಗ್ಗಿಸಿ ಬಿಪಿ ಇಳಿಸುವ ಬ್ರಾಡಿಕೈನಿನ್ ಹುಟ್ಟುತ್ತೆ. ಹಾಸಿಗೆಯ ಪಕ್ಕದಲ್ಲೇ ಫಿಲ್ಟರ್ ಹಾಕಿ ರಕ್ತ ಕೊಡುವಾಗ, ಬಿಪಿಗೆ ಕೊಡುವ, ಬ್ರಾಡಿಕೈನಿನ್ ಒಡೆಯುವುದನ್ನೂ ತಡೆಯುವ ಎಸಿಇ ಇನ್‌ಹಿಬಿಟರ್ ಮಾತ್ರೆ ತಗೊಳ್ಳುವ ರೋಗಿಗಳಿಗೆ ಇದರಿಂದ ಬಿಪಿ ಕುಸಿದದ್ದಿದೆ.

ಫ್ರಿಜ್‌ನಲ್ಲಿಟ್ಟ ಹಳೆಯ ಸ್ಯಾಂಪಲ್ ಎಣಿಸಬೇಡಿ, ಬಿಳಿ ಕಣ ಒಡೆದುಹೋಗಿ ಲೆಕ್ಕ ಕಡಿಮೆ ಬರುತ್ತೆ. ಹೊಸ ಚೀಲ ಹರಿಸಿ, ಅದೇ ದಿನ ಎಣಿಸಿ. ಹೋಲಿಸಿ ನೋಡಲು ಏನೂ ಮಾಡದ ಪಾಲಿಯೆಸ್ಟರ್ ಜೊತೆಗಿರಲಿ.